ಹಡಗಿನವರೆಗೆ ಹೋದ ಬಡಾಯಿ

ಸೂರ್ಯನಿಗೂ ನನಗೂ ಹದಿಮೂರು ವರ್ಷದಿಂದ ಮಾತುಕತೆ ಇಲ್ಲ. ಹೋದ ತಿಂಗಳು ಅವನೇ ಸೋತು ರಾಜಿಗೆ ಬಂದಿದ್ದ. ಬೆಳಿಗ್ಗೆ ಆರೂಕಾಲಿಗೆ ನಮ್ಮ ಮೂರನೇ ಮಹಡಿಯ ಕಿಟಕಿಗೆ ಬಂದು, "ಅಕ್ಕಾ, ಆದದ್ದು ಆಯ್ತು, ಪರದೆ ಸರಿಸು" ಅಂತ ಗೋಗರೆದ. ನಾನು ಹಲ್ಲುಜ್ಜುತ್ತಿದ್ದೆ. ಬಾಯಿ ಮುಕ್ಕಳಿಸಿ, ಮುಖ ಒರೆಸಿ, ಬಿಸಿಲಿನ ಮುಲಾಮು ಹಚ್ಚಿ ಮುಗಿಸುವವರೆಗೆ ಅವನನ್ನು ನಿಲ್ಲಿಸಿಯೇ ಇಟ್ಟೆ. ಆಮೇಲೆ, ಎದುರು ಮನೆ ತಾರಸಿ ಮೇಲೆ ಹೋಗಿ ಕೂತುಕೋ, ಪುರುಸೊತ್ತಾದಾಗ ಕರೀತೀನಿ ಅಂದೆ. ಪಾಪ, ಸಂಜೆವರೆಗೂ ಅಲ್ಲೇ ಕೂತಿದ್ದ. ನಂಬದವರು ಎದುರು ಮನೆಯವರನ್ನು ಕೇಳಬಹುದು. ಅವತ್ತು ಅವರ ಬಟ್ಟೆ ಎರಡೆರಡು ಸಲ ಒಣಗಿತು.

ಜಗಳಕ್ಕೆ ಕಾರಣ ಲೂಪಸ್. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಮನೆ ಕಾಯಲಿ ಅಂತ ಸಾಕಿದ ನಾಯಿ ಮನೆಯವರನ್ನೇ ಕಚ್ಚುವ ಕಾಯಿಲೆ ಅದು. ಮೈಯೊಳಗಿನ ಕಾವಲಿಗೆ ತಲೆಕೆಟ್ಟು, ಇವತ್ತು ಬೆರಳಿನ ಗಂಟು, ನಾಳೆ ಕೆನ್ನೆಯ ಚರ್ಮ, ನಾಡಿದ್ದು ಮೂತ್ರಪಿಂಡ ಅಂತ ಸಿಕ್ಕಿದ್ದಕ್ಕೆ ಬಾಯಿ ಹಾಕುತ್ತದೆ. ಬಿಸಿಲು ಕಂಡರೆ ಅದಕ್ಕೆ ಇನ್ನೂ ರೇಗುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಪಳಗಿಸಿ ಇಟ್ಟುಕೊಳ್ಳಬಹುದು. ನಾನು ಎಷ್ಟು ಪಳಗಿಸಿದ್ದೇನೆ ಅಂದರೆ, ನಮ್ಮ ಡಾಕ್ಟರಮ್ಮ ಇಂಥ ಕೇಸು ಭೂಮಂಡಲದಲ್ಲೇ ಇನ್ನೊಂದಿಲ್ಲ ಅಂದಿದ್ದಾರೆ. ಸರಿಯಾಗಿ ಹೇಳಬೇಕೆಂದರೆ, "ನಿಮ್ಮಂಥ ಪೇಷಂಟು ಇನ್ನೊಬ್ಬರು ಬೇಡಮ್ಮ" ಅಂದಿದ್ದರು. ಅರ್ಥ ಒಂದೇ.

ನನ್ನ ಕೆಲಸ ಕಾರು ಕಲಿಸುವುದು. ಈ ಊರಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧ ಜನ ನನ್ನ ಶಿಷ್ಯರು, ಉಳಿದರ್ಧ ಜನ ಗುದ್ದುವವರು. ಕಲಿಯುವವರ ಪಕ್ಕದ ಸೀಟು ನನ್ನದು. ನನ್ನ ಕಾಲಡಿಯಲ್ಲೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ. ಎದುರಿಗೆ ಬಸ್ಸು ಬಂದಾಗ ಕಲಿಯುವವರು ಎರಡೂ ಕಾಲು ಮೇಲೆತ್ತಿ, ಕಣ್ಣು ಮುಚ್ಚಿ, ಮನೆದೇವರನ್ನು ನೆನೆಯುತ್ತಾರೆ. ಆಗ ಕಾರು ನಿಲ್ಲಿಸುವುದು ದೇವರಲ್ಲ, ನನ್ನ ಬಲಗಾಲು. ಅದಕ್ಕೇ ನನಗೆ ಬ್ರೇಕಮ್ಮ ಅಂತ ಹೆಸರು. ಗಾಜಿಗೆ ಬಿಸಿಲು ತಡೆಯುವ ಹಾಳೆ ಅಂಟಿಸಿದೆ, ಅದರ ಮೇಲೆ ನನಗೆ ಕೊಡೆಯಷ್ಟು ಅಗಲದ ಟೋಪಿ, ಮೊಣಕೈವರೆಗೆ ಗವಸು, ಕಪ್ಪು ಕನ್ನಡಕ. ಮೊದಲ ದಿನ ಬಂದ ಒಬ್ಬರು ಬಾಗಿಲು ತೆರೆದು ನನ್ನನ್ನು ನೋಡಿ, "ಮೇಡಂ, ನಾನು ಬರೀ ಪಾರ್ಕಿಂಗ್ ಕಲಿಯೋಕೆ ಬಂದಿದ್ದು, ದರೋಡೆಗೆ ಅಲ್ಲ" ಅಂದಿದ್ದರು.

ಮನೆಯಲ್ಲಿ ನಾವು ನಾಲ್ಕು ಜನ. ಯಜಮಾನರು ಹಲ್ಲು ಮಾಡುತ್ತಾರೆ. ಅಂದರೆ, ದಂತವೈದ್ಯರು ಕಳಿಸಿದ ಅಚ್ಚು ಇಟ್ಟುಕೊಂಡು, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸಿ ಕಟ್ಟುಹಲ್ಲಿನ ಸೆಟ್ಟು ತಯಾರಿಸುತ್ತಾರೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಸಹಿಸದ ಮನುಷ್ಯ ನನ್ನನ್ನು ಕಟ್ಟಿಕೊಂಡರು. ಮದುವೆಗೆ ಎಷ್ಟು ಜನ ಬಂದಿದ್ದರು ಅಂತ ಯಾರಾದರೂ ಕೇಳಿದರೆ ನಾನು ಹತ್ತು ಸಾವಿರ ಅನ್ನುತ್ತೇನೆ, ಅವರು ಪಕ್ಕದಿಂದ "ನೂರಾ ನಲವತ್ತು" ಅನ್ನುತ್ತಾರೆ. ದೊಡ್ಡ ಮಗಳಿಗೆ ಹದಿನೇಳು, ಚಿಕ್ಕವಳಿಗೆ ಒಂಬತ್ತು. ಚಿಕ್ಕವಳು ಕಾಯಿಲೆ ಬಂದ ಮೇಲೆ ಹುಟ್ಟಿದವಳು. ಹೆರಿಗೆ ಕೋಣೆಯಲ್ಲಿ ನಲವತ್ತು ಡಾಕ್ಟರುಗಳು ಸಾಲಾಗಿ ನಿಂತಿದ್ದರು, ಇವಳು ಬಂದವಳೇ ಎಲ್ಲರ ಹಾಜರಿ ತೆಗೆದುಕೊಂಡಳು.

ಬೆಳಗಿನ ಹೊತ್ತು ನನ್ನ ಬೆರಳು ಮಡಚುವುದಿಲ್ಲ. ಒಂದೂವರೆ ಗಂಟೆ ಹತ್ತೂ ಬೆರಳು ಹತ್ತು ಮೊಳೆಯ ಹಾಗೆ ನೆಟ್ಟಗಿರುತ್ತವೆ. ಅದಕ್ಕೆ ಯಜಮಾನರು ಮಲಗುವ ಮೊದಲು ಅಡುಗೆಮನೆಯ ಪ್ರತಿ ಡಬ್ಬ, ಪ್ರತಿ ಬಾಟಲಿಯ ಮುಚ್ಚಳ ಸಡಿಲ ಮಾಡಿಡುತ್ತಾರೆ. ಗೊತ್ತಿಲ್ಲದ ನೆಂಟರು ಮುಚ್ಚಳ ಹಿಡಿದು ಡಬ್ಬ ಎತ್ತಿ, ನೆಲಕ್ಕೆಲ್ಲ ಸಕ್ಕರೆ ಹಂಚಿ, ಮುಖ ಸಣ್ಣ ಮಾಡಿಕೊಂಡು ನಿಂತಿದ್ದಾರೆ. ದೊಡ್ಡವಳು ಭಾನುವಾರ ನನ್ನ ಮಾತ್ರೆಯ ಡಬ್ಬಿಯ ಏಳು ಖಾನೆ ತುಂಬುತ್ತಾಳೆ. ಚಿಕ್ಕವಳು ನನ್ನ ಅಂಗಿಯ ಗುಂಡಿ ಹಾಕುತ್ತಾಳೆ. "ಗಲ್ಲ ಎತ್ತಮ್ಮ, ಅಲ್ಲಾಡಬೇಡ, ಒಂದು ಕಡೆ ನಿಲ್ಲೋಕಾಗಲ್ವಾ ನಿನಗೆ" ಅಂತ ನಾನು ಅವಳಿಗೆ ಹೇಳಬೇಕಾದ್ದನ್ನೆಲ್ಲ ನನಗೇ ಹೇಳುತ್ತಾಳೆ. ಹೀಗೆ ನಮ್ಮ ಸಂಸಾರ ಗಡಿಯಾರದ ಹಾಗೆ ನಡೆಯುತ್ತಿತ್ತು. ಗಡಿಯಾರಕ್ಕೆ ಕೀ ಕೊಡುವವಳು ನಾನು ಅಂತ ನಾನು ತಿಳಿದಿದ್ದೆ.

ಒಂದೇ ಒಂದು ವಿಷಯವನ್ನು ನಾನು ಯಾವತ್ತೂ ತಮಾಷೆ ಮಾಡಿದವಳಲ್ಲ. ನಾಲ್ಕು ವರ್ಷದ ಹಿಂದೆ ಆ ನಾಯಿ ನನ್ನ ಮೂತ್ರಪಿಂಡಕ್ಕೆ ಬಾಯಿ ಹಾಕಿತು. ಕಾಲು ಕಂಬವಾಯಿತು, ಸ್ಟಿರಾಯ್ಡ್ ಮಾತ್ರೆಗೆ ಮುಖ ಹುಣ್ಣಿಮೆ ಚಂದ್ರನಾಯಿತು, ಎಂಟು ತಿಂಗಳು ಹಾಸಿಗೆ ಹಿಡಿದೆ. ದೊಡ್ಡವಳಿಗೆ ಆಗ ಹದಿಮೂರು. ಶಾಲೆ ಬಿಟ್ಟು ಒಲೆ ಮುಂದೆ ನಿಂತಳು, ತಂಗಿಯ ಜಡೆ ಹಾಕಿದಳು, ಆ ವರ್ಷ ಫೇಲಾದಳು. ಅವಳ ಜೊತೆಯವರೆಲ್ಲ ಒಂದು ಕ್ಲಾಸು ಮುಂದೆ ಹೋದರು. ಮಗಳ ಒಂದು ವರ್ಷವನ್ನು ನಾನು ನುಂಗಿದೆ ಅನ್ನುವುದು ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಉಳಿದಿತ್ತು.

ಈಗ ಅವಳಿಗೆ ಶಾಲೆಯ ಕೊನೆಯ ದೊಡ್ಡ ಪರೀಕ್ಷೆ. ಇನ್ನು ಮೂರು ವಾರ ಇತ್ತು. ನನ್ನ ಕಣಕಾಲು ಆಗಲೇ ಊದಬೇಕೆ? ಮೂರ್ನಾಲ್ಕು ದಿನದಿಂದ ಸ್ವಲ್ಪ ಊತ, ಅಷ್ಟೇ. ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು, ಆ ಗುಳಿ ತುಂಬುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಲೋಟ ತೊಳೆದಿಡಬಹುದಿತ್ತು. ಡಾಕ್ಟರಮ್ಮ ಕಟ್ಟುನಿಟ್ಟಾಗಿ ಹೇಳಿದ್ದರು: "ಕಾಲು ಊದಿದರೆ, ಮೂತ್ರದಲ್ಲಿ ನೊರೆ ಕಂಡರೆ, ಅವತ್ತೇ ಬರಬೇಕು. ಮಾರನೇ ದಿನ ಅಲ್ಲ. ಮೂತ್ರಪಿಂಡ ಒಂದು ಸಲ ಹೋದರೆ ಹೋಯ್ತು." ನೊರೆಯೂ ಕಂಡಿತ್ತು. ಆದರೆ ಆಸ್ಪತ್ರೆಗೆ ಹೋದರೆ ಮಲಗಿಸುತ್ತಾರೆ, ನಾನು ಮಲಗಿದರೆ ದೊಡ್ಡವಳು ಪುಸ್ತಕ ಮುಚ್ಚುತ್ತಾಳೆ. ಮೂರೇ ವಾರ ತಾನೆ, ಪರೀಕ್ಷೆ ಮುಗಿದ ದಿನವೇ ಹೋದರಾಯಿತು ಅಂತ ತೀರ್ಮಾನ ಮಾಡಿದೆ. ಯಜಮಾನರ ಹಳೇ ಶೂ ಹಾಕಿಕೊಂಡೆ, ಉದ್ದನೆಯ ಕಾಲುಚೀಲ ಏರಿಸಿದೆ. ಮತ್ತೆ ಊಟದ ಹೊತ್ತಿಗೆ ಬಾಯಿ ಬಿಚ್ಚಿದೆ.

ಕಾಯಿಲೆ ಮುಚ್ಚುವುದಕ್ಕೆ ಬಡಾಯಿಯಷ್ಟು ಒಳ್ಳೆಯ ಕಂಬಳಿ ಇನ್ನೊಂದಿಲ್ಲ. ನಗುವವರು ಕಾಲು ನೋಡುವುದಿಲ್ಲ.

ಸೋಮವಾರ ಲಾರಿಯಿಂದ ಶುರು ಮಾಡಿದೆ. "ಇವತ್ತು ಒಬ್ಬ ಲಾರಿ ಡ್ರೈವರ್ ಇಳಿಜಾರಲ್ಲಿ ಸಿಕ್ಕಿಹಾಕ್ಕೊಂಡು ಅಳ್ತಾ ಕೂತಿದ್ದ. ಪಾಪ ಅನ್ನಿಸ್ತು. ಹತ್ತಿ, ಒಂದೇ ಕೈಲಿ ರಿವರ್ಸ್ ತೆಗೆದುಕೊಟ್ಟೆ."

"ಇನ್ನೊಂದು ಕೈಲಿ?" ಅಂದರು ಯಜಮಾನರು.

"ಅವನ ಕಣ್ಣು ಒರೆಸಿದೆ."

ಮಂಗಳವಾರ ಎರಡು ಲಾರಿಯನ್ನು ಹಗ್ಗದಲ್ಲಿ ಕಟ್ಟಿ ಒಟ್ಟಿಗೇ ಓಡಿಸಿದೆ. ಬುಧವಾರ ರೈಲ್ವೆ ಸ್ಟೇಷನ್ನಿನವರೇ ಕಾರು ಅಡ್ಡಗಟ್ಟಿ, ಚಾಲಕನಿಗೆ ಹುಷಾರಿಲ್ಲ, ಮುಂದಿನ ನಿಲ್ದಾಣದವರೆಗೆ ನೀವೇ ಬನ್ನಿ ಅಂತ ಕೈ ಮುಗಿದರು.

"ರೈಲು ಬಿಟ್ಟೆಯಾ ಅಮ್ಮಾ?" ಅಂದಳು ಚಿಕ್ಕವಳು.

"ಬಿಟ್ಟೆ. ಐದು ನಿಮಿಷ ಮುಂಚೆನೇ ತಲುಪಿಸಿದೆ."

ಚಿಕ್ಕವಳು ನಗಲಿಲ್ಲ. ಅಕ್ಕನ ಮುಖ ನೋಡಿದಳು. ದೊಡ್ಡವಳು ತಟ್ಟೆ ನೋಡುತ್ತಿದ್ದಳು. ಪರೀಕ್ಷೆಯ ಚಿಂತೆ ಇರಬೇಕು ಅಂದುಕೊಂಡೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಹೆಡ್ ಮೇಡಂ ಪಾಠ. ಅವರು ಮೂವತ್ತೈದು ವರ್ಷ ಶಾಲೆ ನಡೆಸಿ ನಿವೃತ್ತರಾದವರು, ವಯಸ್ಸು ಅರವತ್ತಮೂರು. ಕಾರನ್ನೂ ಕೊನೆಯ ಬೆಂಚಿನ ಹುಡುಗರ ಹಾಗೇ ನಡೆಸಿಕೊಳ್ಳುತ್ತಾರೆ.

"ಹೆಡ್ ಮೇಡಂ, ಕ್ಲಚ್ ಒತ್ತಿ."

"ಒತ್ತಿದೀನಲ್ಲ."

"ಅದು ಬ್ರೇಕು."

"ನಿನ್ನೆ ಈ ಕಾಲಿಗೇ ಸಿಕ್ಕಿತ್ತು. ಜಾಗ ಬದಲಾಯಿಸಿದ್ದು ಯಾರು?"

ಬಣ್ಣದಂಗಡಿಯ ಹಿಂದಿನ ಓಣಿಯಲ್ಲಿ ತಿರುವು ಕಲಿಸುತ್ತಿದ್ದೆ. ಓಣಿಯ ಕೊನೆಯಲ್ಲಿ ಖಾಲಿ ಬಣ್ಣದ ಡ್ರಮ್ಮು ನಿಲ್ಲಿಸಿರುತ್ತಾರೆ. ಹೆಡ್ ಮೇಡಂ ಬ್ರೇಕ್ ಅಂತ ಒತ್ತಿದ್ದು ಆಕ್ಸಿಲರೇಟರು. ಕಾರು ಹಾರಿತು. ಆಮೇಲೆ ನಡೆದದ್ದನ್ನು ಅವತ್ತು ಸಂಜೆ ಊಟಕ್ಕೆ ಕೂತಾಗ ಮನೆಯವರಿಗೆ ಹೇಳಿದ ಹಾಗೇ ನಿಮಗೂ ಹೇಳುತ್ತೇನೆ.

"ಕಾರು ಬಾಣದ ಹಾಗೆ ಹೊರಟಿತು. ನಾನು ಗಡಿಬಿಡಿ ಮಾಡ್ಕೊಳ್ಳಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕ್ಕೊಂಡೆ. ಆಮೇಲೆ ಕಾಲಿನ ಹೆಬ್ಬೆರಳಲ್ಲಿ ಹೀಗೆ, ಇಷ್ಟೇ ಒತ್ತಿದೆ. ಕಾರು ನಿಂತಿತು. ಕಾರಿಗೂ ಡ್ರಮ್ಮಿಗೂ ಮಧ್ಯೆ ಒಂದು ಕಾಗದ ತೂರಿಸೋಕೆ ಆಗ್ತಿರಲಿಲ್ಲ."

ಯಜಮಾನರು ಚಿಕ್ಕವಳ ತಟ್ಟೆಗೆ ಸಾರು ಬಡಿಸಿದರು. ಯಾರೂ ನಗದಿದ್ದರೆ ನನಗೆ ಆಗುವುದಿಲ್ಲ. ಮುಂದುವರಿಸಿದೆ. "ಸುದ್ದಿ ಬಂದರಿನವರೆಗೂ ಹೋಗಿದೆ. ಮಧ್ಯಾಹ್ನ ಅವರೇ ಫೋನ್ ಮಾಡಿದ್ದರು. ಒಂದು ಹಡಗು ರಿವರ್ಸ್ ತೆಗೆಯೋಕೆ ಯಾರಿಗೂ ಧೈರ್ಯ ಬರ್ತಿಲ್ವಂತೆ. ನಾನೇ ಹೋಗಿ ತೆಗೆದುಕೊಟ್ಟು ಬಂದೆ."

ದೊಡ್ಡವಳ ಕೈ ತಟ್ಟೆಯಲ್ಲೇ ನಿಂತಿತು.

"ಹಡಗು?" ಅಂದರು ಯಜಮಾನರು, ಮೆಲ್ಲಗೆ.

"ಸಣ್ಣದಲ್ಲ ರೀ. ಮೂರು ಮಹಡೀದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕತೆಗೆ ಬೆರಗಾದರು ಅಂತ ತಿಳಿದು, ನಾನು ಇನ್ನೊಂದು ತುತ್ತು ಹೆಚ್ಚಿಗೆ ಉಂಡೆ.

ಮಾರನೇ ಬೆಳಿಗ್ಗೆ ಎದ್ದು ಬಂದರೆ ಯಜಮಾನರು ಇನ್ನೂ ಕೆಲಸಕ್ಕೆ ಹೋಗಿರಲಿಲ್ಲ. ಹೊರಗೆ ಹೋಗುವ ಅಂಗಿ ಹಾಕಿ ಸೋಫಾದಲ್ಲಿ ಕೂತಿದ್ದರು. ತೊಡೆಯ ಮೇಲೆ ನನ್ನ ಆಸ್ಪತ್ರೆಯ ಫೈಲು. ದೊಡ್ಡವಳು ನನ್ನ ಟೋಪಿ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು. ಚಿಕ್ಕವಳು ನನ್ನ ಶೂ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಳಗೆ ಕೈ ಹಾಕಿ ನೋಡುತ್ತಿದ್ದಳು.

"ಇದು ಅಪ್ಪನ ಶೂ" ಅಂದಳು.

"ಎಲ್ಲಿಗೆ ಹೊರಟಿರಿ ಎಲ್ಲರೂ?" ಅಂದೆ.

"ಡಾಕ್ಟರಮ್ಮನ ಹತ್ತಿರ. ನೀನೂ ಬರ್ತಿದೀಯ" ಅಂದಳು ದೊಡ್ಡವಳು.

"ನನಗೇನಾಗಿದೆ? ಕಲ್ಲುಗುಂಡಿನ ಹಾಗಿದ್ದೀನಿ."

"ಅಮ್ಮಾ, ನಿನ್ನೆ ನೀನು ಹಡಗು ಓಡಿಸಿದೆ."

"ಅದಕ್ಕೇನೀಗ?"

ಅವಳು ಹೇಳುವುದೋ ಬೇಡವೋ ಅಂತ ಅಪ್ಪನ ಕಡೆ ನೋಡಿದಳು. ಅವರು ತಲೆಯಾಡಿಸಿದರು. "ಮೈ ಚೆನ್ನಾಗಿದ್ದಾಗ ನೀನು ಇಷ್ಟು ದೂರ ಹೋಗಲ್ಲ. ಬರೀ ನಿನ್ನ ಶಿಷ್ಯರನ್ನ ಬೈತೀಯ, ಸೂರ್ಯನ ಜೊತೆ ಜಗಳ ಆಡ್ತೀಯ. ಲಾರಿ ಬಂದ್ರೆ ಕೀಲುನೋವು. ಎರಡು ಲಾರಿ ಬಂದ್ರೆ ಜ್ವರ. ರೈಲು ಅಂದ್ರೆ ಹಿಂದಿನ ರಾತ್ರಿ ನಿದ್ದೆ ಇಲ್ಲ. ಹಡಗು ಇದುವರೆಗೆ ಒಂದೇ ಸಲ ಬಂದಿದ್ದು. ನಾಲ್ಕು ವರ್ಷದ ಹಿಂದೆ, ಆಸ್ಪತ್ರೆಗೆ ಸೇರೋ ಹಿಂದಿನ ದಿನ."

"ವಿಮಾನ ಬಂದ್ರೆ ಏನು ಅಂತ ನಮಗೂ ಗೊತ್ತಿಲ್ಲ," ಅಂದಳು ಚಿಕ್ಕವಳು. "ಬರೋ ತನಕ ಕಾಯೋದು ಬೇಡ ಅಂತ ಅಪ್ಪ ಹೇಳಿದ್ರು."

ನಾನು ಯಜಮಾನರ ಕಡೆ ತಿರುಗಿದೆ. "ನಿಮಗೂ ಗೊತ್ತಿತ್ತಾ?"

"ರೈಲಿಗೇ ಕರ್ಕೊಂಡು ಹೋಗ್ಬೇಕಿತ್ತು," ಅಂದರು. "ಒಂದು ದಿನ ತಡ ಮಾಡಿದೆ. ತಪ್ಪು ನಂದೇ."

ಇಷ್ಟು ವರ್ಷ ಮೂರು ಜನರ ಕಣ್ಣಿಗೆ ಮಣ್ಣೆರಚುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನನ್ನ ಬಾಯಿಗೇ ಜ್ವರ ನೋಡುವ ಕಡ್ಡಿ ಇಟ್ಟು ಅಳೆಯುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತು ನನ್ನ ಕತೆ. ಅಷ್ಟಾದರೂ ಜಂಬ ಬಿಡಲಿಲ್ಲ. ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಕೂತು, ಯಜಮಾನರು ಗೇರು ಬದಲಾಯಿಸುವುದು ಸರಿಯಿಲ್ಲ ಅಂತ ದಾರಿಯುದ್ದಕ್ಕೂ ಹೇಳಿದೆ.

ಡಾಕ್ಟರಮ್ಮನ ಕೋಣೆಯಲ್ಲಿ ಎರಡೇ ಕುರ್ಚಿ. ನಾನು ಮಂಚದ ಮೇಲೆ, ಯಜಮಾನರೂ ಚಿಕ್ಕವಳೂ ಕುರ್ಚಿಯಲ್ಲಿ, ದೊಡ್ಡವಳು ಗೋಡೆಗೆ ಒರಗಿ ನಿಂತಳು. ಡಾಕ್ಟರಮ್ಮ ಕಾಲುಚೀಲ ಇಳಿಸಿದರು. ಚೀಲದ ಗೆರೆ ಚರ್ಮದಲ್ಲಿ ಬಳೆ ತೊಡಿಸಿದ ಹಾಗೆ ಅಚ್ಚೊತ್ತಿತ್ತು. ಹೆಬ್ಬೆರಳಿನಿಂದ ಒತ್ತಿ, ಗುಳಿಯನ್ನು ನೋಡುತ್ತಾ, "ಎಷ್ಟು ದಿನದಿಂದ?" ಅಂದರು.

"ನಾಲ್ಕು" ಅಂದೆ.

ನರ್ಸು ಮೂತ್ರದಲ್ಲಿ ಅದ್ದಿದ ಪಟ್ಟಿ ತಂದು ತೋರಿಸಿದರು. ಹಳದಿ ಇರಬೇಕಾದ ಜಾಗ ದಟ್ಟ ಹಸಿರಾಗಿತ್ತು.

"ಪ್ರೋಟೀನ್ ಸೋರ್ತಾ ಇದೆ," ಅಂದರು ಡಾಕ್ಟರಮ್ಮ. "ಇವತ್ತೇ ಸೇರ್ಕೊಳ್ಳಿ. ರಕ್ತ ಪರೀಕ್ಷೆ, ಬಯಾಪ್ಸಿ ಎಲ್ಲ ಆಗ್ಬೇಕು, ಔಷಧಿ ಬದಲಾಯಿಸ್ಬೇಕು. ಈಗಲೂ ಸಮಯ ಇದೆ, ಸರಿಮಾಡಬಹುದು. ಆದರೆ ನನಗೆ ನಿಜವಾದ ದಿನ ಬೇಕು. ಎಷ್ಟು ದಿನದ ಊತ ಅನ್ನೋದೂ ನನಗೆ ಮುಖ್ಯ."

"ಮೂರು ವಾರ ಬಿಟ್ಟು ಬರ್ತೀನಿ ಡಾಕ್ಟರಮ್ಮ. ಇವಳ ಪರೀಕ್ಷೆ ಇದೆ. ಹೋದ ಸಲ ಇವಳ ಒಂದು ವರ್ಷ ನನ್ನಿಂದ ಹಾಳಾಯ್ತು. ಎಂಟು ತಿಂಗಳು ಶಾಲೆ ಬಿಟ್ಟು ಅಡುಗೆ ಮಾಡಿದಾಳೆ. ಮತ್ತೆ ಹಾಗೆ ಆಗೋದು ನನಗೆ ಬೇಡ."

ದೊಡ್ಡವಳು ಗೋಡೆ ಬಿಟ್ಟು ಮುಂದೆ ಬಂದಳು. "ಏನು ಎಂಟು ತಿಂಗಳು?"

"ಮತ್ತೆ?"

"ನೀನು ಆಸ್ಪತ್ರೆ, ಮನೆ ಎರಡೂ ಸೇರಿ ಮಲಗಿದ್ದು ಎಂಟು ವಾರ. ನಾನು ಶಾಲೆ ತಪ್ಪಿಸಿದ್ದು ಹನ್ನೊಂದು ದಿನ. ಅಡುಗೆ ಮಾಡಿದ್ದು ಅಪ್ಪ. ನಾನು ಎರಡು ಸಲ ಮೊಟ್ಟೆ ಬೇಯಿಸಿದೆ."

"ಒಂದು ಸಲ," ಅಂದರು ಯಜಮಾನರು. "ಇನ್ನೊಂದು ಸಲ ಪಾತ್ರೆಗೆ ನೀರು ಹಾಕೋದು ಮರೆತಿದ್ದೆ ನೀನು."

"ಮತ್ತೆ ಫೇಲಾದದ್ದು?" ಅಂದೆ.

"ವಾಲಿಬಾಲ್ ಆಡೋಕೆ ಹೋಗ್ತಿದ್ದೆ. ಗಣಿತದ ಕ್ಲಾಸಿಗೆ ವರ್ಷಪೂರ್ತಿ ಚಕ್ಕರ್. ನಿನಗೆ ಹುಷಾರಿಲ್ಲ ಅಂತ ಯಾರೂ ನನ್ನ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಸ್ವಂತ ಕಷ್ಟಪಟ್ಟು ಫೇಲಾಗಿದ್ದನ್ನೂ ನಿನ್ನ ಹೆಸರಿಗೇ ಬರ್ಕೊಂಡಿದೀಯಲ್ಲಮ್ಮ." ಅವಳು ನನ್ನ ಟೋಪಿಯನ್ನು ಮಂಚದ ಮೇಲಿಟ್ಟಳು. "ಈ ಸಲ ನಾನು ಶಾಲೆನೂ ಬಿಡಲ್ಲ, ಒಲೆನೂ ಹಚ್ಚಲ್ಲ. ಸಂಜೆ ಬಂದು ನಿನ್ನ ಹಾಸಿಗೆ ಪಕ್ಕ ಕೂತು ಓದ್ಕೊಳ್ತೀನಿ. ನೀನು ಮನೇಲಿ ಕಾಲು ಮುಚ್ಚಿಟ್ಕೊಂಡು ಓಡಾಡ್ತಿದ್ರೆ ನನಗೆ ಒಂದು ಅಕ್ಷರ ಹತ್ತಲ್ಲ. ಸೋಮವಾರದಿಂದ ಒಂದೇ ಪಾಠ ಓದ್ತಾ ಕೂತಿದೀನಿ."

ನಾನು ಚಿಕ್ಕವಳ ಕಡೆ ನೋಡಿದೆ, ಅವಳಾದರೂ ನನ್ನ ಪರ ಏನಾದರೂ ಹೇಳಲಿ ಅಂತ. ಅವಳು ನನ್ನ ಕಾಲಿನ ಗುಳಿ ಇನ್ನೂ ತುಂಬಿಲ್ಲ ಅಂತ ಬಗ್ಗಿ ನೋಡುತ್ತಿದ್ದಳು.

ಅಡಗಿಕೊಳ್ಳಲು ನನಗೆ ಇನ್ನು ಯಾವ ನೆಪವೂ ಉಳಿಯಲಿಲ್ಲ.

"ಹತ್ತೊಂಬತ್ತು ದಿನ" ಅಂದೆ.

ಡಾಕ್ಟರಮ್ಮ ಬರೆದುಕೊಂಡರು. ನಿಮಗೂ ಮೂರ್ನಾಲ್ಕು ದಿನ ಅಂತ ಹೇಳಿದ್ದೆ, ಅದು ಸುಳ್ಳು.

"ನೊರೆ?"

"ಹದಿನೈದು ದಿನದಿಂದ. ಬೆಳಿಗ್ಗೆ ಏಳೋವಾಗ ಬೀರು ಹಿಡ್ಕೊಂಡು ಏಳ್ತೀನಿ. ನಾಲ್ಕು ದಿನದಿಂದ ಇವರ ಶೂ ಹಾಕ್ತಿದೀನಿ, ನನ್ನ ಶೂ ಒಳಗೆ ಕಾಲು ಹೋಗ್ತಿಲ್ಲ."

"ಇನ್ನೇನಾದರೂ ಇದೆಯಾ?"

ಇತ್ತು. ಅದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ.

"ನಿನ್ನೆ ಕಾರು ನಿಲ್ಲಿಸಿದ್ದು ನಾನಲ್ಲ," ಅಂದೆ. "ಬ್ರೇಕ್ ಒತ್ತಿದೆ ಅಂದ್ಕೊಂಡೆ. ಕಾಲು ಆ ದೊಡ್ಡ ಶೂ ಒಳಗೆ ಮರದ ತುಂಡಿನ ಹಾಗಿತ್ತು, ಪೆಡಲಿನ ಪಕ್ಕಕ್ಕೆ ಇಳಿದುಹೋಯ್ತು. ಹ್ಯಾಂಡ್‌ಬ್ರೇಕ್ ಎಳೆದದ್ದು ಹೆಡ್ ಮೇಡಂ. ಅಷ್ಟರಲ್ಲಿ ಡ್ರಮ್ಮಿಗೆ ತಗಲಿ ಅದು ಉರುಳಿತ್ತು. ಡ್ರಮ್ಮಿನ ಆ ಕಡೆ ಸೈಕಲ್ ರಿಪೇರಿಯವರು ನಮಗೆ ಬೆನ್ನು ಹಾಕಿ ಸ್ಟೂಲಿನ ಮೇಲೆ ಕೂತು ಚಕ್ರದ ಕಡ್ಡಿ ಬಿಗೀತಿದ್ದರು. ಕಾರು ನಿಂತಾಗ ಅವರ ಬೆನ್ನಿಗೂ ಕಾರಿಗೂ ಮಧ್ಯೆ ಒಂದು ಮೊಳ ಇತ್ತು. ಅವರು ತಿರುಗಿ ನೋಡಿ, ಡ್ರಮ್ಮು ಎತ್ತಿ ನಿಲ್ಲಿಸಿ, ಏನಾಯ್ತಮ್ಮ ಅಂದರು. ಏನಿಲ್ಲ ಅಂದೆ. ಹೆಡ್ ಮೇಡಂ ತಮ್ಮದೇ ತಪ್ಪು ಅಂತ ಅತ್ತರು. ನಾನು ಅಳೋಕೆ ಬಿಟ್ಟೆ, ನಂದು ಅಂತ ಹೇಳಲಿಲ್ಲ."

ಯಜಮಾನರು ಎದ್ದು ಬಂದು ಮಂಚದ ಮೇಲೆ ನನ್ನ ಪಕ್ಕದಲ್ಲಿ ಕೂತರು.

"ಇವತ್ತು ಹೆಡ್ ಮೇಡಂಗೆ ಫೋನ್ ಮಾಡಿ ಹೇಳ್ತೀನಿ," ಅಂದೆ. "ಸೈಕಲ್ಲಿನವರಿಗೂ ಹೇಳ್ಬೇಕು. ಕಾಲು ಸರಿಹೋಗೋ ತನಕ ಆ ಸೀಟಲ್ಲಿ ಕೂರಲ್ಲ. ನಿನ್ನೆಯಿಂದ ನನಗೆ ಭಯ ಆಗಿದೆ ಡಾಕ್ಟರಮ್ಮ. ಎಲ್ಲಿ ಸಹಿ ಹಾಕ್ಬೇಕು ಹೇಳಿ, ಇವತ್ತೇ ಸೇರ್ಕೊಳ್ತೀನಿ."